ಬೆಳ್ಳಿತೆರೆಯ ವಸ್ತುಸಂಗ್ರಹಾಲಯವೂ ನಾರಾಯಣಪುರದ ಶಿಲೆಯೂ

ಕಾಣುವುದು ಬೇರೆ, ನೋಡುವುದು ಬೇರೆ. ಕಾಣುವುದಕ್ಕೆ ಕಣ್ಣು ಸಾಕು. ನೋಡುವುದಕ್ಕೆ ಕಣ್ಣಿನೊಡನೆ ಮನಸ್ಸೂ ಕೂಡಬೇಕು. ಇಂದಿನ ವಿದ್ಯಾರ್ಥಿಯ ಕಣ್ಣಿಗೆ ಕಾಣದ ದೇಶವಿಲ್ಲ. ಪ್ಯಾರಿಸ್ಸಿನ ಲೂವ್ರ್, ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್, ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯ ಇವೆಲ್ಲವೂ ಚಲನಚಿತ್ರ ಮತ್ತು ದೂರದರ್ಶನಗಳ ಮೂಲಕ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಹಳ್ಳಿಮನೆಯ ಪಡಸಾಲೆಗೇ ಬಂದಿಳಿದಿವೆ. ಆದರೆ ಅದೇ ವಿದ್ಯಾರ್ಥಿಯನ್ನು ಕರೆದು, ನಾರಾಯಣಪುರದ ಶಿವದೇವಾಲಯದ ಹೊರಗೋಡೆಯಲ್ಲಿ ಯಾವ ಯಾವ ಶಿಲ್ಪಗಳಿವೆಯೆಂದು ಕೇಳಿದರೆ ಉತ್ತರ ಬರುವುದು ವಿರಳ. ದೂರದ್ದು ಹತ್ತಿರವಾಗಿ ಹತ್ತಿರದ್ದು ದೂರವಾದ ಈ ವೈಚಿತ್ರ್ಯವನ್ನು ಕುರಿತು ವಿದ್ಯಾಸಂಸ್ಥೆಯೊಂದು ಆಲೋಚಿಸದಿದ್ದರೆ ಮತ್ತಾರು ಆಲೋಚಿಸಬೇಕು?

ಚಲನಚಿತ್ರವನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ವಿನೋದವನ್ನೂ ವಿದ್ಯೆಯನ್ನೂ ಶತ್ರುಗಳೆಂದು ಭಾವಿಸುವುದು ಕಲ್ಯಾಣದ ಪರಂಪರೆಗೆ ಒಪ್ಪುವ ಮಾತೂ ಅಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಐದು ವಿಂಶತಿಗಳಾಗಿ, ನೂರು ಅಧ್ಯಾಯಗಳಾಗಿ ಹರಡಿಕೊಂಡಿರುವ ಆ ಗ್ರಂಥದಲ್ಲಿ ರಾಜ್ಯಭಾರದ ವಿಚಾರವಿರುವಂತೆಯೇ ಚಿತ್ರಕಲೆ, ಸಂಗೀತ, ನೃತ್ಯಗಳ ವಿಚಾರವೂ ಇದೆ. ಅದು ವಿನೋದಗಳನ್ನು ಶಾಸ್ತ್ರದ ಪಂಕ್ತಿಯಲ್ಲಿ ಕೂರಿಸಿದ ಗ್ರಂಥ. ಆದುದರಿಂದ ಮಗು ಚಲನಚಿತ್ರ ನೋಡಿತೆಂಬುದು ಚಿಂತೆಯ ವಿಷಯವಲ್ಲ. ಅದು ನೋಡಿದ್ದೇನು, ನೋಡಿದ ಮೇಲೆ ಮಾಡಿದ್ದೇನು ಎಂಬುದೇ ವಿಚಾರಾರ್ಹ.

ಹೊರಜಗತ್ತಿನ ಕೆಲವು ನಿದರ್ಶನಗಳನ್ನು ಪರಿಶೀಲಿಸಬಹುದು. 1976ರ 'ರಾಕಿ' ಎಂಬ ಅಮೆರಿಕದ ಚಿತ್ರದಲ್ಲಿ ಮುಷ್ಟಿಯುದ್ಧದ ನಾಯಕನು ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದ 72 ಮೆಟ್ಟಿಲುಗಳನ್ನು ಓಡುತ್ತ ಹತ್ತುತ್ತಾನೆ. ಅಂದಿನಿಂದ ಆ ಮೆಟ್ಟಿಲುಗಳನ್ನು ಹಾಗೆಯೇ ಓಡಿ ಹತ್ತುವ ಪ್ರವಾಸಿಗಳಿಗೆ ಕೊರತೆಯಿಲ್ಲ. ಮೇಲೆ ನಿಂತು ಕೈಯೆತ್ತಿ ಭಾವಚಿತ್ರ ತೆಗೆಸಿಕೊಂಡು, ಬಾಗಿಲೊಳಗೆ ಕಾಲಿಡದೆಯೇ ಇಳಿದುಹೋಗುವವರೂ ಅವರಲ್ಲಿದ್ದಾರೆ. 2006ರಲ್ಲಿ ಬಂದ 'ನೈಟ್ ಅಟ್ ದ ಮ್ಯೂಸಿಯಂ' ಚಿತ್ರದಲ್ಲಿ ನ್ಯೂಯಾರ್ಕಿನ ಸಂಗ್ರಹಾಲಯದ ಜಡವಸ್ತುಗಳು ರಾತ್ರಿಯಲ್ಲಿ ಜೀವ ತಳೆಯುತ್ತವೆ. ಆದರೆ ಮಕ್ಕಳು ಕಂಡ ಒಳಾಂಗಣದ ಬಹುಭಾಗ ಕೆನಡಾದ ಸ್ಟುಡಿಯೋವೊಂದರಲ್ಲಿ ಕಟ್ಟಿದ ರಂಗಸಜ್ಜು. ಇಷ್ಟಾದರೂ ಆ ಚಿತ್ರವನ್ನು ಕಂಡ ಅನೇಕ ಮಕ್ಕಳು ನಿಜವಾದ ಸಂಗ್ರಹಾಲಯವನ್ನು ನೋಡಲು ಹಂಬಲಿಸಿದರೆಂಬುದನ್ನು ಮರೆಯಲಾಗದು. ಇನ್ನು 2002ರ 'ರಷ್ಯನ್ ಆರ್ಕ್' ಚಿತ್ರದ ದಾರಿಯೇ ಬೇರೆ. ನಿರ್ದೇಶಕ ಸೊಕುರೊವ್ ಹರ್ಮಿಟೇಜಿನ ಕೋಣೆಯಿಂದ ಕೋಣೆಗೆ ಸುಮಾರು ಒಂದೂವರೆ ಗಂಟೆಯ ಕಾಲ, ಎಲ್ಲಿಯೂ ಕತ್ತರಿಸದ ಒಂದೇ ಓಟದಲ್ಲಿ ಕ್ಯಾಮೆರಾವನ್ನು ನಡೆಸಿದ್ದಾರೆ. ಅಲ್ಲಿ ಸಂಗ್ರಹಾಲಯ ಕಥೆಯ ಹಿಂದಿನ ಪರದೆಯಾಗಿ ಉಳಿದಿಲ್ಲ, ಅದೇ ಕಥಾನಾಯಕನಾಗಿದೆ. ಹೀಗೆ ಒಂದೇ ಮಾಧ್ಯಮ ಸಂಗ್ರಹಾಲಯವನ್ನು ಬರಿಯ ಮೆಟ್ಟಿಲಾಗಿಸಬಲ್ಲದು, ಹಂಬಲವಾಗಿಸಬಲ್ಲದು, ದರ್ಶನವಾಗಿಯೂ ಮಾಡಬಲ್ಲದು.

ಕನ್ನಡನಾಡಿನಲ್ಲಿಯೂ ಈ ಮೂರು ಬಗೆಯ ಫಲಗಳು ಕಂಡುಬಂದಿವೆ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಕಂಡಿತು. ಒನಕೆ ಓಬವ್ವನ ಸಾಹಸವನ್ನು ಚಿತ್ರದುರ್ಗದ ಕಲ್ಲಿನ ಕೋಟೆಯಲ್ಲಿಯೇ ತೋರಿಸಿದ ಆ ಚಿತ್ರದಿಂದ ಓಬವ್ವನ ಕಿಂಡಿ ಕನ್ನಡಿಗರ ಮನೆಮಾತಾಯಿತು. ಪಠ್ಯಪುಸ್ತಕಗಳು ದಶಕಗಳಲ್ಲಿ ಸಾಧಿಸಲಾಗದುದನ್ನು ಕೆಲವು ನಿಮಿಷಗಳ ದೃಶ್ಯ ಸಾಧಿಸಿತೆಂದರೆ ಅತಿಶಯೋಕ್ತಿಯಾಗದು. ಶಂಕರನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ದೂರದರ್ಶನ ಧಾರಾವಾಹಿಯ ಫಲವಂತೂ ಇನ್ನೂ ಸ್ವಾರಸ್ಯಕರವಾದುದು. ಅದರ ಚಿತ್ರೀಕರಣದಲ್ಲಿ ಬಳಕೆಯಾದ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣದ ಕಟ್ಟಡವೇ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಆಗಿ ರೂಪುಗೊಂಡಿತು. ಬೇರೆಡೆ ಸಂಗ್ರಹಾಲಯವು ತೆರೆಯ ಮೇಲೆ ಬಂದರೆ, ಇಲ್ಲಿ ತೆರೆಯ ಮೇಲೆ ಬಂದುದೇ ಸಂಗ್ರಹಾಲಯವಾಯಿತು.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. 1964ರ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ವರ್ಣಚಿತ್ರವೆಂಬ ಕೀರ್ತಿಗೆ ಪಾತ್ರವಾದುದು. ಬೇಲೂರಿನ ಶಿಲ್ಪವೈಭವದ ಬಗೆಗೆ ಜನಸಾಮಾನ್ಯರಲ್ಲಿ ಅಭಿಮಾನವನ್ನು ಮೂಡಿಸಿದ ಪುಣ್ಯ ಅದಕ್ಕಿದೆ. ಆದರೆ ಜಕಣಾಚಾರಿಯ ಕಥೆ ಐತಿಹ್ಯ. ಬೇಲೂರಿನ ಮದನಿಕಾ ವಿಗ್ರಹಗಳ ಪೀಠಗಳಲ್ಲಿ ಶಿಲ್ಪಿಗಳು ತಾವೇ ಕೆತ್ತಿಕೊಂಡ ಹೆಸರುಗಳಿವೆ; ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ಅವರಲ್ಲಿ ಪ್ರಸಿದ್ಧರು. ತೆರೆಯ ಮೇಲಿನ ಹೆಸರು ಎಲ್ಲರಿಗೂ ಗೊತ್ತು. ಶಿಲೆಯ ಮೇಲಿನ ಹೆಸರು ಗೊತ್ತಿರುವವರು ಕೆಲವರೇ. ಚಿತ್ರ ತಯಾರಿಸಿದವರದು ಇದರಲ್ಲಿ ದೋಷವೇನೂ ಇಲ್ಲ. ಅವರು ಕಥೆ ಹೇಳಿದರು. ಕಥೆ ಮುಗಿದಲ್ಲಿಂದ ಶಿಕ್ಷಕನ ಕೆಲಸ ಆರಂಭವಾಗಬೇಕಾಗಿತ್ತು. ಅದು ಆರಂಭವಾಗಲಿಲ್ಲವೆಂಬುದೇ ವ್ಯಸನದ ಸಂಗತಿ.

ಇನ್ನು ನಾರಾಯಣಪುರಕ್ಕೆ ಬರೋಣ. ಬಸವಕಲ್ಯಾಣದ ನೆರೆಯಲ್ಲಿಯೇ ಇರುವ ಈ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವದೇವಾಲಯವಿದೆ. ಅದರ ಭಿತ್ತಿಗಳಲ್ಲಿ ಮದನಿಕೆಯರ ಚೆಲುವಾದ ವಿಗ್ರಹಗಳಿವೆ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ಇನ್ನೊಂದು ಅಚ್ಚರಿಯಿದೆ: ಅಲ್ಲಿಯ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನನ್ನು ಸ್ತುತಿಸುವ ಸಂಸ್ಕೃತ ಶಾಸನವನ್ನು ತನ್ನ ಕೈಯಿಂದಲೇ ಬರೆಯುತ್ತಿದ್ದಾಳೆ. ಶರಣೆಯರು ಕಲ್ಯಾಣದಲ್ಲಿ ವಚನಗಳನ್ನು ನುಡಿಯುವುದಕ್ಕೆ ಕೆಲವೇ ದಶಕಗಳ ಹಿಂದೆ, ಇದೇ ನೆಲದ ಶಿಲ್ಪಿಯೊಬ್ಬನು ಬರೆಯುವ ಹೆಣ್ಣನ್ನು ಕಲ್ಲಿನಲ್ಲಿ ಕಡೆದಿಟ್ಟನು. ಹೆಣ್ಣುಮಕ್ಕಳ ವಿದ್ಯೆಯನ್ನು ಕುರಿತ ಎಷ್ಟು ಉಪನ್ಯಾಸಗಳು ಈ ಒಂದು ಮೂರ್ತಿಯ ಮುಂದೆ ನಿಲ್ಲಬಲ್ಲವು? ಬಸವಕಲ್ಯಾಣದ ಕೋಟೆಯಲ್ಲಿಯೂ ಪ್ರಾಚೀನ ಶಿಲ್ಪಗಳ ಸಂಗ್ರಹವಿದೆ. ಅಂದರೆ ಈ ಭಾಗದ ವಿದ್ಯಾರ್ಥಿಗೆ ವಸ್ತುಸಂಗ್ರಹಾಲಯವೆಂಬುದು ಬೆಳ್ಳಿತೆರೆಯ ಮೇಲಷ್ಟೇ ಇರುವ ವಸ್ತುವಲ್ಲ. ಅದು ಅವನ ಹೊಲದ ದಾರಿಯಲ್ಲಿದೆ.

ಇಲ್ಲೊಂದು ಆಕ್ಷೇಪಣೆ ಏಳಬಹುದು. ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದು ಸಾರಿದ ಶರಣರ ಪರಂಪರೆಗೆ ಸೇರಿದ ವಿದ್ಯಾಪೀಠವು ಕಲ್ಲಿನ ಗುಡಿಗಳ ಚಿಂತೆಯನ್ನೇಕೆ ಹೊರಬೇಕು? ಪ್ರಶ್ನೆ ಲಘುವಾದುದಲ್ಲ. ಶರಣರು ನಿರಾಕರಿಸಿದ್ದು ಸ್ಥಾವರದಲ್ಲಿಯೇ ದೈವವನ್ನು ಸೆರೆಹಿಡಿಯುವ ಜಡಭಾವವನ್ನು; ಶಿಲ್ಪಿಯ ಕಾಯಕವನ್ನು ಅವರು ನಿರಾಕರಿಸಲಿಲ್ಲ. ಉಳಿ ಹಿಡಿದವನ ಬೆವರೂ ಕಾಯಕವೇ. ಅದಲ್ಲದೆ, ಹನ್ನೆರಡನೆಯ ಶತಮಾನದ ಕಲ್ಯಾಣದ ಬೀದಿಗಳು ಅಳಿದುಹೋಗಿವೆ, ಮನೆಗಳು ಮಣ್ಣಾಗಿವೆ. ಶರಣರು ಬದುಕಿದ ಯುಗವನ್ನು ಕಂಡು ಇಂದಿಗೂ ನಿಂತಿರುವ ಸಾಕ್ಷಿಗಳೆಂದರೆ ಇಂಥ ಶಿಲೆಗಳೇ. ಪೂಜೆಗಾಗಿ ಅಲ್ಲದಿದ್ದರೂ ಸಾಕ್ಷ್ಯಕ್ಕಾಗಿಯಾದರೂ ಅವುಗಳನ್ನು ಕಾಪಾಡುವುದು ಶರಣರ ವಾರಸುದಾರರ ಹೊಣೆ. ಸಾಕ್ಷಿ ಅಳಿದ ಮೇಲೆ ಚರಿತ್ರೆಗೂ ಕಟ್ಟುಕಥೆಗೂ ಭೇದವುಳಿಯದು.

ಶಿಲೆ ಶಾಶ್ವತವೆಂಬುದು ಭ್ರಮೆ. ಮಳೆ ಬಿಸಿಲುಗಳಿಗಿಂತ ಹೆಚ್ಚಾಗಿ ಮನುಷ್ಯನ ಅಲಕ್ಷ್ಯದಿಂದ ಅದು ನಾಶವಾಗುತ್ತದೆ. ವಿಗ್ರಹಗಳಿಗೆ ಸುಣ್ಣ ಬಳಿಯುವುದು, ಎಣ್ಣೆ ಸುರಿಯುವುದು, ಗೋಡೆಗಳ ಮೇಲೆ ಹೆಸರು ಗೀಚುವುದು, ಶಾಸನದ ಕಲ್ಲನ್ನು ಒಗೆಯುವ ಕಲ್ಲಾಗಿಸುವುದು ನಾಡಿನ ಅನೇಕ ಊರುಗಳಲ್ಲಿ ಕಂಡುಬರುವ ಅನಾಚಾರಗಳು. ಕಾನೂನು ಇವನ್ನು ಕೆಲಮಟ್ಟಿಗೆ ತಡೆಯಬಹುದು. ಪೂರ್ಣವಾಗಿ ತಡೆಯಬಲ್ಲುದು ಊರಿನ ಮಕ್ಕಳ ಅರಿವು ಮಾತ್ರ. ತಾನು ಅಳೆದು, ನೋಡಿ, ಬರೆದುಕೊಂಡ ಮೂರ್ತಿಯ ಮೇಲೆ ಯಾವ ಹುಡುಗನೂ ತನ್ನ ಹೆಸರನ್ನು ಕೆತ್ತಲಾರನು.

ಆದುದರಿಂದ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ; ವೆಚ್ಚವೂ ದೊಡ್ಡದಲ್ಲ. ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ವರ್ಷಕ್ಕೆ ಎರಡು ದಿನ, ಒಮ್ಮೆ ನಾರಾಯಣಪುರಕ್ಕೂ ಇನ್ನೊಮ್ಮೆ ಜಲಸಂಗ್ವಿಗೂ, ಪಾಠವೆಂದೇ ಕರೆದೊಯ್ಯಬೇಕು, ವಿಹಾರವೆಂದಲ್ಲ. ಪ್ರತಿಯೊಂದು ಮಗುವೂ ಒಂದು ಶಿಲ್ಪವನ್ನು ಆರಿಸಿಕೊಂಡು, ಮುಟ್ಟದೆ ಅಳೆದು, ಅದರ ರೇಖಾಚಿತ್ರ ಬರೆದು, ಹತ್ತು ವಾಕ್ಯಗಳ ವರ್ಣನೆಯನ್ನು ಶುದ್ಧ ಕನ್ನಡದಲ್ಲಿ ರಚಿಸಬೇಕು. ಕನ್ನಡದ ಅಧ್ಯಾಪಕರು ಶಾಸನದ ಓದನ್ನೂ ಚರಿತ್ರೆಯ ಅಧ್ಯಾಪಕರು ಕಾಲದ ವಿಚಾರವನ್ನೂ ತಿಳಿಸಿಕೊಡಲಿ. ಈ ಬರಹಗಳು ಒಂದು ದಾಖಲೆಯ ಪುಸ್ತಕದಲ್ಲಿ ವರ್ಷವರ್ಷವೂ ಸೇರುತ್ತ ಹೋದರೆ, ಹತ್ತು ವರ್ಷಗಳಲ್ಲಿ ಅದೇ ಒಂದು ಅಮೂಲ್ಯ ಸಂಗ್ರಹವಾದೀತು. ದಾನಿಗಳು ಕಟ್ಟಡಗಳ ಮೇಲಿನ ತಮ್ಮ ಔದಾರ್ಯದ ಒಂದಂಶವನ್ನು ಈ ಎರಡು ದಿನಗಳ ಬಸ್ಸಿನ ಬಾಡಿಗೆಗೂ ದಾಸೋಹಕ್ಕೂ ಮೀಸಲಿಟ್ಟರೆ ಸಾಕು.

ಚಲನಚಿತ್ರವನ್ನೂ ಇಲ್ಲಿಂದ ಹೊರಗಿಡಬೇಕಾಗಿಲ್ಲ. ಇಂದು ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಈ ಕಲೆಯನ್ನು ಬಲ್ಲವರು ಮುಂದೆ ಬಂದು, ಮಕ್ಕಳ ವರ್ಣನೆಗಳನ್ನು ಮಕ್ಕಳ ದನಿಯಲ್ಲಿಯೇ ಹೇಳಿಸಿ, ಹತ್ತು ನಿಮಿಷಗಳ ಚಿತ್ರವೊಂದನ್ನು ತೆಗೆಯಲಿ. ಅದರಲ್ಲಿ ಹಾಡು ಕುಣಿತಗಳಿರದಿದ್ದರೂ ಚಿಂತೆಯಿಲ್ಲ, ಸತ್ಯವಿರಲಿ. ಲೂವ್ರಿನ ಹೆಸರನ್ನು ಬಲ್ಲ ಮಗು ತನ್ನೂರಿನ ಮದನಿಕೆಯ ಹೆಸರನ್ನೂ ಬಲ್ಲುದಾದರೆ, ಅದರ ವಿದ್ಯೆ ಎರಡು ಕಾಲುಗಳ ಮೇಲೆ ನಿಂತಂತಾಯಿತು. ಆ ದಿನವನ್ನು ತರುವ ಶಕ್ತಿ ದೂರದ ನಿರ್ಮಾಪಕರಲ್ಲಿಲ್ಲ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಗುರುಗಳಲ್ಲಿ, ದಾನಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಇದೆ.