ಹಂಚಿಕೊಳ್ಳುವ ಧರ್ಮವೂ ಕಾಯಿದೆಯ ಕಟ್ಟೂ

ಹೊರನಾಡಿನಲ್ಲಿ ಬಾಳುವ ನಮಗೆ ಹಂಚಿಕೊಂಡು ಉಣ್ಣುವುದು ಹೊಸ ಪಾಠವಲ್ಲ. ವಾಸ್ಕೋದ ಒಂದು ಮನೆಗೆ ಊರಿನಿಂದ ಕನ್ನಡ ಕಾದಂಬರಿಯೊಂದು ಬಂದರೆ ಅದು ಮಡಗಾಂವಿನ ನಂಟರ ಮನೆಗೂ ಫೋಂಡಾದ ಗೆಳೆಯರ ಮನೆಗೂ ಹೋಗಿ, ಅಂಚು ಮಡಿಸಿಕೊಂಡು, ರಟ್ಟು ಸಡಿಲಿಸಿಕೊಂಡು, ವರ್ಷದ ಮೇಲೆ ಒಡೆಯನ ಕೈ ಸೇರುವುದುಂಟು, ಸೇರದಿರುವುದೂ ಉಂಟು. ಇದನ್ನು ದೋಷವೆಂದು ಯಾರೂ ಎಣಿಸಿದವರಲ್ಲ. ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವನನ್ನೇ ನಾವು ಜಿಪುಣನೆಂದು ಕರೆಯುತ್ತ ಬಂದಿದ್ದೇವೆ.

ಈಗ ಕಾಲ ಬೇರೆಯಾಗಿದೆ. ಅದೇ ಕಾದಂಬರಿ ಇಂದು ವಾಟ್ಸ್‌ಆ್ಯಪಿನಲ್ಲಿ ಪಿಡಿಎಫ್ ಆಗಿ ಬರುತ್ತದೆ. ಗಣಕಯಂತ್ರದ ತಂತ್ರಾಂಶ ಪೆನ್‌ಡ್ರೈವಿನಲ್ಲಿ ಬರುತ್ತದೆ. ಸಂಘದ ಸದಸ್ಯರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳ ಪಟ್ಟಿಯೂ ಬೆರಳಿನ ಒಂದು ತಟ್ಟಿಗೆ ನೂರು ಕಡೆ ಹರಡುತ್ತದೆ. ಕೊಟ್ಟ ಪುಸ್ತಕ ನಮ್ಮ ಕೈ ಬಿಟ್ಟು ಹೋಗುತ್ತಿತ್ತು. ಕೊಟ್ಟ ಕಡತ ನಮ್ಮಲ್ಲಿಯೂ ಉಳಿದು ಪಡೆದವನಲ್ಲಿಯೂ ಇರುತ್ತದೆ. ಎರವಲು ಇದ್ದದ್ದು ನಕಲಾಯಿತು. ಇಲ್ಲಿ ಕಾಯಿದೆಯು ಅಡ್ಡ ಬಂದು "ಹಂಚಬೇಡ" ಎನ್ನುತ್ತದೆ. ಹಂಚುವುದನ್ನೇ ಧರ್ಮವೆಂದು ಕಲಿತ ಗೃಹಸ್ಥನು ಈ ಮಾತನ್ನು ಕೇಳಬೇಕೇ, ಬೇಡವೇ? ಈ ತಿಂಗಳು ಇದನ್ನೇ ಓದುಗ ಬಂಧುಗಳೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಕಾಯಿದೆ ಹೇಳುವುದೇನೆಂದು ತಿಳಿಯೋಣ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. 1984ರ ತಿದ್ದುಪಡಿಯಿಂದ ಗಣಕಯಂತ್ರದ ತಂತ್ರಾಂಶವೂ ಅದರ ಕಣ್ಣಿಗೆ ಒಂದು ಸಾಹಿತ್ಯ ಕೃತಿಯೇ ಆಯಿತು. ಕಾದಂಬರಿಕಾರನಿಗೆ ಇರುವ ಹಕ್ಕು ತಂತ್ರಾಂಶ ಬರೆದವನಿಗೂ ಇದೆ. ಕದ್ದ ನಕಲೆಂದು ತಿಳಿದೂ ತಿಳಿದೂ ತಂತ್ರಾಂಶವನ್ನು ಬಳಸಿದವನಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆಮನೆಯನ್ನೂ 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವನ್ನೂ ವಿಧಿಸಬಹುದೆಂದು ಅದು ಹೇಳುತ್ತದೆ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದಿದ್ದರೆ ನ್ಯಾಯಾಲಯವು ಸೆರೆಯನ್ನು ಬಿಟ್ಟು ದಂಡವನ್ನಷ್ಟೇ ಹಾಕಬಹುದು.

ಆದರೆ ಕಾಯಿದೆ ಬರಿಯ ಬೆತ್ತವಲ್ಲ. ಓದಿಗಾಗಿ, ಸಂಶೋಧನೆಗಾಗಿ, ವಿಮರ್ಶೆಗಾಗಿ ಪುಸ್ತಕವೊಂದರ ನ್ಯಾಯವಾದ ಬಳಕೆಗೆ ಅದು ಎಡೆ ಕೊಟ್ಟಿದೆ. ನಾವೇ ಕೊಂಡ ತಂತ್ರಾಂಶ ಕೆಟ್ಟೀತೆಂಬ ಭಯದಿಂದ ಒಂದು ಪ್ರತಿಯನ್ನು ಮಾಡಿಟ್ಟುಕೊಳ್ಳುವುದಕ್ಕೂ ಅದರಲ್ಲಿ ಒಪ್ಪಿಗೆಯುಂಟು. ಅಲ್ಲದೆ ಈ ಹಕ್ಕು ಶಾಶ್ವತವಲ್ಲ. ಲೇಖಕನ ಮರಣದ ಮುಂದಿನ ವರ್ಷದಿಂದ 60 ವರ್ಷ ಎಣಿಸಿದರೆ ಮುಗಿಯಿತು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಅವನ್ನು ಅಚ್ಚು ಹಾಕಿಸಿ ಹಂಚುವುದಕ್ಕೆ ಯಾರ ಅಪ್ಪಣೆಯೂ ಬೇಡ. ಗಡಿನಾಡಿನ ಕವಿಯೊಬ್ಬನ ಕೃತಿಗಳು ಹೀಗೆ ನಾಡಿನ ಕೈಗೆ ಬಂದುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ?

ಇನ್ನು ಎದುರು ವಾದವನ್ನು ಕೇಳೋಣ. "ವಿದ್ಯೆ ಕೊಟ್ಟಷ್ಟೂ ಬೆಳೆಯುವ ಧನ. ನಾನು ನಕಲು ಮಾಡಿದರೆ ಯಾರ ಗಂಟು ಹೋಯಿತು? ಅಮೆರಿಕದ ಕೋಟ್ಯಧೀಶನ ಊಟ ತಪ್ಪಿತೇ?" ಎಂದು ಕೇಳುವವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಇದು ಬರಿಯ ಕಳ್ಳನ ಮಾತಲ್ಲ. ತಿಂಗಳ ಸಂಬಳದಲ್ಲಿ ಬಾಡಿಗೆ, ಶಾಲೆಯ ಶುಲ್ಕ ಕಳೆದು ಉಳಿದುದರಲ್ಲಿ ಮಗನಿಗೆ ತಂತ್ರಾಂಶ ಕೊಡಿಸಬೇಕಾದ ತಂದೆಯ ಮಾತೂ ಹೌದು. ಆದುದರಿಂದ ಇದಕ್ಕೆ ಸರಿಯಾದ ಉತ್ತರವೇ ಬೇಕು, ಗದರಿಕೆ ಸಾಲದು.

ಕೆಟ್ಟ ಕಾಯಿದೆ ಹೇಗಿರುತ್ತದೆಂಬುದನ್ನು ಗೋವೆಯ ನೆಲಕ್ಕೆ ಹೇಳಿಕೊಡಬೇಕಾಗಿಲ್ಲ. ಭಾರತದಲ್ಲಿ ಮೊಟ್ಟಮೊದಲ ಮುದ್ರಣಯಂತ್ರ ಬಂದಿಳಿದದ್ದು ಇಲ್ಲಿಯೇ, 1556ರಲ್ಲಿ. ಆದರೆ ಸಾಲಾಝಾರನ ಆಳ್ವಿಕೆಯಲ್ಲಿ ಅದೇ ನೆಲದಲ್ಲಿ ಮದುವೆಯ ಕರೆಯೋಲೆಯನ್ನು ಅಚ್ಚು ಮಾಡಿಸುವುದಕ್ಕೂ ಸರಕಾರದ ಪರಿಶೀಲನೆ ಆಗಬೇಕಿತ್ತು. ಅನುಮತಿಯಿಲ್ಲದೆ ಸಭೆ ಸೇರುವಂತಿರಲಿಲ್ಲ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಅವರು ಮಡಗಾಂವಿನಲ್ಲಿ ಆ ನಿಷೇಧವನ್ನು ಹಾಡಹಗಲಿನಲ್ಲಿ ಮುರಿದು ಬಂಧನಕ್ಕೆ ಒಳಗಾದರು. ಮುಂದೆ 1955ರ ನವೆಂಬರ್ 25ರಂದು ಲಿಬಿಯಾ ಲೋಬೊ, ವಾಮನ ಸರದೇಸಾಯಿ ಮುಂತಾದವರು ಕಾಡಿನೊಳಗಿನಿಂದ ಗುಪ್ತ ಆಕಾಶವಾಣಿಯನ್ನು ಆರಂಭಿಸಿ, ಪೋರ್ಚುಗೀಸರು ಮುಚ್ಚಿಟ್ಟ ಸುದ್ದಿಯನ್ನು ಗೋವೆಯ ಮನೆಗಳಿಗೆ ತಲುಪಿಸಿದರು. ಆ ಧ್ವನಿ ಬಹುಕಾಲ ಹೊರಟದ್ದು ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್ ಬಳಿಯ ಕಾಡಿನಿಂದ. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಗುವವರೆಗೂ ಅದು ಅಡಗಲಿಲ್ಲ.

ಸುದ್ದಿಯನ್ನು ಹಂಚಬೇಡವೆಂದ ಆ ಕಾಯಿದೆಯನ್ನು ಅವರು ಮುರಿದದ್ದು ತಪ್ಪೆಂದು ನಾವು ಇಂದು ಹೇಳುವೆವೇ? ಖಂಡಿತ ಇಲ್ಲ, ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ 2025ರಲ್ಲಿ ದೇಶವೇ ಪದ್ಮಶ್ರೀ ಕೊಟ್ಟು ಗೌರವಿಸಿತು. ಹಾಗಾದರೆ ಕಾಯಿದೆ ಮುರಿಯುವುದು ಒಮ್ಮೆ ಪುಣ್ಯ, ಒಮ್ಮೆ ಪಾಪ ಎಂದಾಯಿತು. ಇವೆರಡನ್ನೂ ಬೇರ್ಪಡಿಸುವ ಗೆರೆ ಯಾವುದು?

ಗೆರೆ ಎಳೆದು ತೋರಿಸಿದವರು ಗಾಂಧೀಜಿ. 1910ರಲ್ಲಿ 'ಹಿಂದ್ ಸ್ವರಾಜ್' ಪುಸ್ತಕವನ್ನು ಮುಂಬಯಿ ಸರಕಾರ ನಿಷೇಧಿಸಿತು. ಅದರ ಇಂಗ್ಲಿಷ್ ಆವೃತ್ತಿಯ ಮೇಲೆ ಅವರು ಯಾವ ಹಕ್ಕನ್ನೂ ಕಾಯ್ದಿರಿಸಿಲ್ಲವೆಂದೇ ಅಚ್ಚು ಮಾಡಿಸಿದ್ದರು. 1919ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ನಿಷಿದ್ಧ ಪುಸ್ತಕಗಳನ್ನು ಬೀದಿಯಲ್ಲಿ ನಿಂತು ಮಾರಿದರು. ಏಪ್ರಿಲ್ 7ರಂದು 'ಸತ್ಯಾಗ್ರಹಿ' ಎಂಬ ಪತ್ರಿಕೆಯನ್ನು ನೋಂದಣಿ ಮಾಡಿಸದೆ ಹೊರಡಿಸಿ, ಸಂಪಾದಕನೆಂದು ತಮ್ಮ ಹೆಸರನ್ನೂ ವಿಳಾಸವನ್ನೂ ಅದರ ಮೇಲೆಯೇ ಕೊಟ್ಟರು. ಶಿಕ್ಷೆಗೆ ಅವರು ಸಿದ್ಧರಾಗಿದ್ದರು. ಇದೇ ಗಾಂಧೀಜಿ ಮುಂದೆ ತಮ್ಮ ಬರಹಗಳ ಹಕ್ಕನ್ನು ನವಜೀವನ ಸಂಸ್ಥೆಗೆ ವಹಿಸಿಕೊಟ್ಟರೆಂಬುದನ್ನೂ ಮರೆಯಬಾರದು. ಹಂಚುವುದೊಂದೇ ಅವರಿಗೆ ಸೂತ್ರವಾಗಿರಲಿಲ್ಲ. ಯಾತಕ್ಕಾಗಿ, ಹೇಗೆ ಎಂಬುದೂ ಮುಖ್ಯವಾಗಿತ್ತು.

ಇಲ್ಲಿಂದ ಮೂರು ಒರೆಗಲ್ಲುಗಳು ನಮಗೆ ದೊರೆಯುತ್ತವೆ. ಕಾಯಿದೆಯು ಸತ್ಯವನ್ನು ಅಡಗಿಸುತ್ತದೆಯೇ, ಇಲ್ಲವೇ ದುಡಿದವನಿಗೆ ಅವನ ಪಾಲನ್ನು ಕಾಯ್ದು ಕೊಡುತ್ತದೆಯೇ? ನಾನು ಅದನ್ನು ಮುರಿಯುವುದು ಎಲ್ಲರ ಕಣ್ಣೆದುರಿನಲ್ಲಿಯೋ, ಬಾಗಿಲ ಹಿಂದೆಯೋ? ಮುರಿದುದರಿಂದ ಬರುವ ಲಾಭ ಇತರರಿಗೋ, ನನ್ನ ಕಿಸೆಗೋ?

ಒಂದು ಸಣ್ಣ ಮುದ್ರಣಾಲಯವನ್ನು ಊಹಿಸಿಕೊಳ್ಳಿ. ಅಲ್ಲಿ ಮದುವೆಯ ಕರೆಯೋಲೆಯನ್ನು ಕದ್ದ ತಂತ್ರಾಂಶದಲ್ಲಿ ಜೋಡಿಸುತ್ತಾರೆ. ಹಿಂದೊಮ್ಮೆ ಸರಕಾರದ ಕಣ್ಣು ತಪ್ಪಿಸಿ ಅಚ್ಚಾಗುತ್ತಿದ್ದ ಕರಪತ್ರಕ್ಕೂ ಇದಕ್ಕೂ ಎಷ್ಟು ಅಂತರ! ಇಲ್ಲಿ ಯಾವ ಸತ್ಯವೂ ಸೆರೆಯಲ್ಲಿಲ್ಲ. ಮುರಿದವನು ತನ್ನ ಹೆಸರನ್ನು ಎಲ್ಲಿಯೂ ಸಾರಿಲ್ಲ. ಉಳಿದ ಹಣ ಅವನದೇ. ಮೂರು ಒರೆಗಲ್ಲಿನಲ್ಲಿಯೂ ಸೋತ ಈ ಕೆಲಸವನ್ನು ಸತ್ಯಾಗ್ರಹವೆಂದು ಕರೆದುಕೊಳ್ಳುವಂತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಹೇಳಿದ್ದು ಇಂಥದಕ್ಕೇ. ಕನ್ನಡ ಕಾದಂಬರಿಯ ಪಿಡಿಎಫ್ ವಿಷಯದಲ್ಲಂತೂ ನಷ್ಟ ಕೋಟ್ಯಧೀಶನದಲ್ಲ. ಒಂದು ಸಾವಿರ ಪ್ರತಿ ಮಾರುವುದೇ ಕಷ್ಟವಾಗಿರುವ ಲೇಖಕನದು, ಪ್ರಕಾಶಕನದು. ಕನ್ನಡ ಉಳಿಯಲಿ ಎನ್ನುತ್ತ ಕನ್ನಡ ಬರೆದವನ ಕೈಯನ್ನೇ ಬರಿದು ಮಾಡುವುದು ಅಭಿಮಾನವೆನಿಸದು.

ಹಾಗೆಂದು ಕಾಯಿದೆಯೇ ಧರ್ಮವೆಂದು ನಾನು ಹೇಳಲಾರೆ. ಕಣ್ಣು ಕಾಣದ ಮಗುವಿನ ಸಂಗತಿಯನ್ನು ನೋಡಿ. ಅಚ್ಚಾದ ಪುಸ್ತಕವನ್ನು ಅಂಥ ಮಗುವಿಗೆ ಕಿವಿಯಲ್ಲಿಯೋ ಬೆರಳಿನಲ್ಲಿಯೋ ಓದಲು ಬರುವಂತೆ ಮಾರ್ಪಡಿಸಿ ಹಂಚುವವರಿಗೆ 2012ರವರೆಗೆ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸ್ಪಷ್ಟವಾದ ಆಸರೆ ಇರಲಿಲ್ಲ. ಮಗು ಓದದೆ ಕುಳಿತಿರಲಿ ಎಂದು ಯಾವ ಧರ್ಮವೂ ಹೇಳದು. ಅಂಥ ಮಕ್ಕಳ ಪರವಾಗಿ ಬಹಿರಂಗವಾಗಿ ವಾದಿಸಿದವರಿಂದ 2012ರ ತಿದ್ದುಪಡಿಯಲ್ಲಿ ಆ ಅವಕಾಶ ಬಂತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತವೇ. ಕಾಯಿದೆ ತಪ್ಪಿದ್ದರೆ ಅದನ್ನು ತಿದ್ದಿಸುವುದಕ್ಕೆ ದಾರಿಯುಂಟು, ತಿದ್ದುವವರೆಗೆ ತಾಯಿಯಂತೆ ನಡೆದುಕೊಂಡವರನ್ನು ಕಳ್ಳರೆಂದು ಕರೆಯಬೇಕಾಗಿಯೂ ಇಲ್ಲ.

ಇನ್ನೊಂದು ದಾರಿಯಿದೆ, ನನ್ನ ಮಟ್ಟಿಗೆ ಅದೇ ರಾಜಮಾರ್ಗ. ತನ್ನ ತಂತ್ರಾಂಶವನ್ನು ಜನ ಹಣ ಕೊಡದೆ ನಕಲು ಮಾಡುತ್ತಿದ್ದಾರೆಂದು ತರುಣ ಬಿಲ್ ಗೇಟ್ಸ್ 1976ರಲ್ಲಿ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದನು. ಏಳು ವರ್ಷಗಳ ಮೇಲೆ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಎಂಬಾತನು ನೆರೆಯವನೊಡನೆ ಹಂಚಿಕೊಳ್ಳಬಾರದೆಂಬ ಕರಾರಿಗೆ ತಾನು ಸಹಿ ಹಾಕಲಾರೆನೆಂದು ಸಾರಿದನು. ಆದರೆ ಅವನು ಪರರ ತಂತ್ರಾಂಶವನ್ನು ಕದ್ದು ಹಂಚಲಿಲ್ಲ. ಎಲ್ಲರೂ ಹಂಚಬಹುದಾದ ತಂತ್ರಾಂಶವನ್ನು ಹೊಸದಾಗಿ ಬರೆಯುವುದಕ್ಕೆ ಕುಳಿತನು. 1991ರಲ್ಲಿ ಆರಂಭವಾದ ಲಿನಕ್ಸ್ ಅದರೊಡನೆ ಕೂಡಿ ಇಂದು ಲೋಕವೆಲ್ಲ ಹಬ್ಬಿದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಗಣಕಯಂತ್ರದ ಪಾಠ ನಡೆಯುವುದು ಇಂಥ ಮುಕ್ತ ತಂತ್ರಾಂಶದಲ್ಲಿಯೇ. ಆದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವೂ ಶಾಲೆಯಲ್ಲಿ ಕಲಿತ ತಂತ್ರಾಂಶವನ್ನು ಕದಿಯದೆ ಮನೆಗೆ ಒಯ್ಯಬಲ್ಲುದು.

ಕನ್ನಡದಲ್ಲಿ 'ಉಚಿತ' ಬೇರೆ, 'ಮುಕ್ತ' ಬೇರೆ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶವನ್ನು ಕನ್ನಡಿಗರಿಗೆ ಉಚಿತವಾಗಿ ಕೊಟ್ಟರು. ಮುಂದಿನ ಆವೃತ್ತಿಗಳಿಗೆ ಬೆಲೆ ಇಟ್ಟರು. ಅದು ಅವರ ಹಕ್ಕು. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ನಾಡಿಗೇ ಬಿಟ್ಟುಕೊಟ್ಟರು. ಇಂದು ಕನ್ನಡ ಬೆರಳಚ್ಚಿಸುವ ಅಸಂಖ್ಯ ಕೈಗಳು ಅದರ ಋಣದಲ್ಲಿವೆ. ಕಯ್ಯೂರಿನ ರೈತರ ಕಥೆಯಾದ 'ಚಿರಸ್ಮರಣೆ'ಯನ್ನು ಬರೆದ ನಿರಂಜನರ ಹಲವಾರು ಕೃತಿಗಳನ್ನು ಅವರ ಮನೆಯವರು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದಾರೆ. ಇಲ್ಲಿ ಗೋವಾ ವಿಶ್ವವಿದ್ಯಾಲಯವು ತನ್ನ ನಾಲ್ಕು ಸಂಪುಟಗಳ ಕೊಂಕಣಿ ವಿಶ್ವಕೋಶವನ್ನು 2013ರಲ್ಲಿ ಅದೇ ರೀತಿ ಬಿಟ್ಟುಕೊಟ್ಟಿತು. ಲೇಖಕನ ಹೆಸರು ಹೇಳಿ, ನೀವು ತಿದ್ದಿ ಬೆಳೆಸಿದ್ದನ್ನೂ ಇದೇ ಸ್ವಾತಂತ್ರ್ಯದೊಡನೆ ಇತರರಿಗೆ ಕೊಡಿ — ಇಷ್ಟೇ ಅದರ ಕರಾರು. ನಾವು ಕದ್ದ ದೊಡ್ಡ ತಂತ್ರಾಂಶಗಳಲ್ಲಿಯೇ ನೆಮ್ಮದಿಯಾಗಿದ್ದರೆ ಇಂಥ ದಾನಿಗಳ ಕೆಲಸವನ್ನು ಬಳಸುವವರು ಯಾರು? ಬಳಸುವವರಿಲ್ಲದ ಕಡೆ ಮುಂದಿನ ದಾನಿ ಹುಟ್ಟುವುದೆಂತು?

ಕೊನೆಯದಾಗಿ ಒಂದು ಎಚ್ಚರಿಕೆ. ಹಂಚಬಾರದೆಂಬ ಕಾಯಿದೆಗಳಲ್ಲಿ ಎಲ್ಲವೂ ಬಲಿಷ್ಠನನ್ನು ಕಾಯುವಂಥವಲ್ಲ. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತು. ನಮ್ಮ ಸಂಘದ ಸದಸ್ಯರ ಪಟ್ಟಿ ಯಾವನೋ ದಲ್ಲಾಳಿಯ ಅಥವಾ ಚುನಾವಣಾ ಅಭ್ಯರ್ಥಿಯ ಕೈಗೆ ಹೋದರೆ ನೋಯುವವನು ದೂರದ ಶ್ರೀಮಂತನಲ್ಲ, ನಂಬಿ ತನ್ನ ವಿಳಾಸ ಕೊಟ್ಟ ಕೂಲಿಗಾರ. ಇಲ್ಲಿ ಕಾಯಿದೆ ಇಲ್ಲದಿದ್ದರೂ ಬಾಯಿ ಮುಚ್ಚಿಕೊಂಡಿರುವುದೇ ಧರ್ಮ. ಸರಕಾರದ ಕಡತದ ಮಾತು ಬೇರೆ. ಅದು ಪ್ರಜೆಗಳ ಸೊತ್ತೆಂದು 2005ರ ಮಾಹಿತಿ ಹಕ್ಕಿನ ಕಾಯಿದೆಯೇ ಒಪ್ಪಿಕೊಂಡಿದೆ. ಅದನ್ನು ಕೇಳಿ ಪಡೆದು ಹತ್ತು ಜನಕ್ಕೆ ತಿಳಿಸುವುದರಲ್ಲಿ ಸಂಕೋಚ ಬೇಡ.

ಆದುದರಿಂದ ಮನೆಯಲ್ಲಿ ಮಕ್ಕಳು ಕೇಳಿದಾಗ ಹೀಗೆ ಹೇಳಬಹುದೆಂದು ನನಗೆ ತೋರುತ್ತದೆ: ಹಂಚುವ ಆಸೆ ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ಹಂಚುವ ಮುನ್ನ ಇದು ಯಾರ ದುಡಿಮೆ, ಯಾರ ಗುಟ್ಟು ಎಂದು ಕೇಳಿರಿ. ಮುಕ್ತವಾದುದಿದ್ದರೆ ಅದನ್ನೇ ಬಳಸಿರಿ, ಧಾರಾಳವಾಗಿ ಹಂಚಿರಿ. ಬೆಲೆಯಿದ್ದರೆ ಕೊಂಡುಕೊಳ್ಳಿರಿ, ಕೊಳ್ಳಲಾಗದಿದ್ದರೆ ನಾಲ್ಕು ಮನೆಯವರು ಕೂಡಿ ಪುಸ್ತಕ ಕೊಂಡು ಹಿಂದಿನಂತೆಯೇ ಎರವಲು ತಿರುಗಿಸಿರಿ, ಅದಕ್ಕೆ ಯಾವ ಕಾಯಿದೆಯೂ ಅಡ್ಡಿ ಮಾಡಿಲ್ಲ. ಕಾಯಿದೆಯೇ ಅನ್ಯಾಯವೆಂದು ತೋರಿದರೆ ಹೆಸರು ಹೇಳಿ, ಎದ್ದು ನಿಂತು ಹಾಗೆನ್ನಿರಿ. ಮಡಗಾಂವಿನ ಲೋಹಿಯಾ ಮೈದಾನದ ಬದಿಯಲ್ಲಿ ದಿನವೂ ನಡೆದಾಡುವ ನಮ್ಮ ಮಕ್ಕಳಿಗೆ, ಅಲ್ಲಿ ನಡೆದದ್ದು ಬಚ್ಚಿಟ್ಟುಕೊಂಡು ಮಾಡಿದ ಕೆಲಸವಾಗಿರಲಿಲ್ಲವೆಂಬುದನ್ನು ತಿಳಿಸುವ ಹೊಣೆ ನಮ್ಮದೇ ಅಲ್ಲವೇ?