ತುಂಬುತ್ತಲೇ ಹೋದ ಏಳು ದಶಕ

1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನ ಒಂದೆರಡು ಫೋಟೊಗಳಿಗೇ ಅದು ಮುಗಿದುಹೋಗುತ್ತದೆ. ಜಾಗಕ್ಕೆ ಅಷ್ಟು ಬೆಲೆಯಿದ್ದ ಕಾಲದಲ್ಲಿ ಇಸವಿಯ ಮೊದಲ ಎರಡು ಅಂಕಿಗಳನ್ನೂ ಬಿಟ್ಟು ಉಳಿತಾಯ ಮಾಡಿದರು. ಆ ಜಿಪುಣತನದ ಬಾಕಿಯನ್ನು, ಅಂದರೆ ವೈ2ಕೆ ತೊಂದರೆಯನ್ನು, ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಹುಡುಗರು ರಾತ್ರಿಯೆಲ್ಲ ಕೂತು ತೀರಿಸಿದ್ದು, ಅದರಿಂದಲೇ ನಮ್ಮ ಐಟಿ ಉದ್ಯಮ ಒಂದಷ್ಟು ಮೈ ತುಂಬಿಕೊಂಡದ್ದು ಎಲ್ಲರಿಗೂ ನೆನಪಿದೆ. ಆದರೂ ಆ ಕಾಲಕ್ಕೊಂದು ಶಿಸ್ತಿತ್ತು. ವರ್ಷಾಂತ್ಯದಲ್ಲಿ ಹಳೆಯ ಲೆಕ್ಕ ಟೇಪಿಗೆ ಹೋಗುತ್ತಿತ್ತು. ಏನು ಉಳಿಯಬೇಕೆಂದು ಯಾರೋ ಒಬ್ಬರು ಕೂತು ನಿರ್ಧರಿಸಲೇಬೇಕಿತ್ತು.

1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ, ಟೇಬಲ್ ಮತ್ತು ಸಾಲುಗಳ ಡೇಟಾಬೇಸ್ ಮಾದರಿಯ ಭರವಸೆ ದೊಡ್ಡದು: ಮಾಹಿತಿಯನ್ನು ಒಳಗೆ ಹೇಗೆ ಇಟ್ಟಿದೆ ಎಂಬ ಗೊಡವೆ ಬಳಸುವವರಿಗೆ ಬೇಡ. ಬೇಯರ್ ಮತ್ತು ಮೆಕ್ರೈಟ್ ಕೊಟ್ಟ ಬಿ-ಟ್ರೀ ಎಂಬ ಇಂಡೆಕ್ಸ್ ಅದಕ್ಕೆ ಬಲ ತಂದಿತು. ಸಾಲುಗಳು ಲಕ್ಷದಿಂದ ಕೋಟಿಗೆ ಏರಿದರೂ ಇಂಡೆಕ್ಸಿಗೆ ಹೆಚ್ಚುವುದು ಒಂದೋ ಎರಡೋ ಮೆಟ್ಟಿಲು. ಇದನ್ನು ಕಂಡವರು, ಟೇಬಲ್ ಎಷ್ಟು ಬೆಳೆದರೇನು ಎಂದುಕೊಂಡರು. ಒಂದೇ ಸಾಲನ್ನು ಹುಡುಕುವಾಗ ಆ ಮಾತು ಇಂದಿಗೂ ನಿಜ. ಏಟು ಬಿದ್ದದ್ದು ಬೇರೆ ಕಡೆ. ಡಿಸ್ಕಿನ ಗಾತ್ರ ಸಾವಿರಾರು ಪಟ್ಟು ಹಿಗ್ಗಿದರೂ ನಿಮಿಷಕ್ಕೆ 7,200 ಸುತ್ತಿನ ಡಿಸ್ಕು ಒಂದು ಸುತ್ತಿಗೆ 8.3 ಮಿಲಿಸೆಕೆಂಡು ತೆಗೆದುಕೊಳ್ಳುವುದು ತಪ್ಪಲಿಲ್ಲ. ದಿನಬಳಕೆಯ ಮಾಹಿತಿ ಮೆಮೊರಿಯಲ್ಲಿ ಹಿಡಿಸದಾದ ದಿನ, ಮತ್ತೆ ಮತ್ತೆ ಡಿಸ್ಕಿಗೇ ಹೋಗಬೇಕಾಗಿ, ನಿನ್ನೆಯವರೆಗೆ ಓಡುತ್ತಿದ್ದ ಕ್ವೆರಿ ಕುಂಟತೊಡಗುತ್ತದೆ. ರಾತ್ರಿ ಮುಗಿಯುತ್ತಿದ್ದ ಬ್ಯಾಕಪ್ ಬೆಳಗಿನ ಕೆಲಸದ ಹೊತ್ತಿಗೂ ಚಾಚುತ್ತದೆ.

ಅಳಿಸಿದರಾಯಿತಲ್ಲ ಎಂಬುದೂ ಭ್ರಮೆಯೇ ಆಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಅಳಿಸಿದ ಸಾಲು ಫೈಲಿನಲ್ಲೇ ಬಿದ್ದಿರುತ್ತದೆ. ವ್ಯಾಕ್ಯೂಮ್ ಎಂಬ ಗುಡಿಸುವ ಕೆಲಸ ಆ ಜಾಗವನ್ನು ಹೊಸ ಸಾಲುಗಳಿಗೆ ಬಿಟ್ಟುಕೊಟ್ಟರೂ ಡಿಸ್ಕಿಗೆ ಮರಳಿಸುವುದು ಅಪರೂಪ. ಮೈಎಸ್‌ಕ್ಯೂಎಲ್‌ನ ಹಳೆಯ ಹಂಚಿಕೆಯ ಟೇಬಲ್‌ಸ್ಪೇಸ್ ಒಮ್ಮೆ ಉಬ್ಬಿದರೆ ಇಳಿಯುತ್ತಿರಲಿಲ್ಲ. ಎಲ್ಲವನ್ನೂ ಹೊರತೆಗೆದು ಮತ್ತೆ ತುಂಬಬೇಕಿತ್ತು. 2005ರ 8.1 ಆವೃತ್ತಿಯಲ್ಲಿ, ತಾನಾಗಿಯೇ ಗುಡಿಸುವ ಆಟೊವ್ಯಾಕ್ಯೂಮ್ ಪೋಸ್ಟ್‌ಗ್ರೆಸ್‌ನ ಒಳಗೇ ಸೇರಿತು, 2017ರಲ್ಲಿ ಪಾರ್ಟಿಷನ್ ಮಾಡುವುದು ಸಲೀಸಾಯಿತು. ಟೇಬಲನ್ನು ತಿಂಗಳಿಗೊಂದರಂತೆ ಭಾಗ ಮಾಡಿದ್ದರೆ, ಕೋಟಿ ಸಾಲುಗಳನ್ನು ಗಂಟೆಗಟ್ಟಲೆ ಅಳಿಸುವ ಬದಲು ಹಳೆಯ ಭಾಗವನ್ನೇ ಕ್ಷಣದಲ್ಲಿ ಕಿತ್ತುಹಾಕಬಹುದು, ಜಾಗವೂ ಮರಳುತ್ತದೆ. ನನ್ನ ಮಟ್ಟಿಗೆ ಈ ಅವಧಿಯ ನಿಜವಾದ ಗಳಿಕೆ ಇದು. ದುಃಖವೆಂದರೆ, ಟೇಬಲ್ ಕಟ್ಟುವ ಮೊದಲ ದಿನವೇ ಇದನ್ನು ಯೋಚಿಸಿದವರು ಕಡಿಮೆ.

ಯೋಚಿಸುವ ಒತ್ತಡವನ್ನೇ ಆಮೇಲೆ ಎಸ್‌ಎಸ್‌ಡಿ ಮತ್ತು ಕ್ಲೌಡ್ ತೆಗೆದುಹಾಕಿದವು. ತಿರುಗುವ ತಟ್ಟೆ ಹೋಯಿತು, ಕೆಟ್ಟ ಕ್ವೆರಿಯೂ ವೇಗವಾಗಿ ಓಡಿತು, ಜಾಗ ತಾನಾಗಿಯೇ ಹಿಗ್ಗಿತು, ಬಿಲ್ಲೂ ಹಿಗ್ಗಿತು. ಮುಂದೆಂದಾದರೂ ಬೇಕಾಗಬಹುದೆಂದು ಎಲ್ಲವನ್ನೂ ಅಟ್ಟಕ್ಕೆ ಎಸೆದಂತೆ ಇಟ್ಟುಕೊಂಡೆವು. ಅಳಿಸುವ ಬದಲು 'ಅಳಿಸಲಾಗಿದೆ' ಎಂಬ ಒಂದು ಕಾಲಮ್ ಸೇರಿಸುವುದೇ ರೂಢಿಯಾಯಿತು. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ದೇಶ ತೀರಿದ ಮಾಹಿತಿಯನ್ನು, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದ ಹೊರತು, ಅಳಿಸಿ ಎನ್ನುತ್ತಿದೆ. ಯಾವ ಸಾಲಿನ ಉದ್ದೇಶ ತೀರಿದೆ ಎಂದು ಹೇಳಬಲ್ಲವರು ಬಹುಪಾಲು ಕಂಪನಿಗಳಲ್ಲಿ ಕೆಲಸ ಬಿಟ್ಟು ವರ್ಷಗಳಾಗಿವೆ.