ವೇಗ ಆಫೀಸಿಗೆ ಮಾತ್ರವೇ?

ಮಹಾಜನ ಆಯೋಗದ 1967ರ ವರದಿಯು ಚಂದ್ರಗಿರಿಯ ಉತ್ತರದ ಕಾಸರಗೋಡಿನೊಂದಿಗೆ ಅಕ್ಕಲಕೋಟೆ ತಾಲೂಕನ್ನೂ ಕರ್ನಾಟಕಕ್ಕೆ ಸೇರಿಸತಕ್ಕದ್ದೆಂದು ಹೇಳಿತ್ತು. ಎರಡೂ ಆಗಲಿಲ್ಲ. ಆದುದರಿಂದ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳ ಕಷ್ಟ ನಮಗೆ ಹೊರಗಿನದಲ್ಲ.

ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪುಣೆಯ ಬಾಲಭಾರತಿ ಅಚ್ಚು ಹಾಕುವ ಪಠ್ಯಗಳು ಇಂಟರ್ನೆಟ್ಟಿನಲ್ಲಿಯೂ ಸಿಗುತ್ತವೆ. ಆದರೆ ಆಫೀಸು ಒಂದು ಕಟ್ಟಡದಲ್ಲಿ, ತರಗತಿ ಇನ್ನೊಂದರಲ್ಲಿ ಇರುವ ಶಾಲೆಗಳಲ್ಲಿ ಸಂಪರ್ಕವು ಆಫೀಸಿನ ಬಾಗಿಲಲ್ಲೇ ಸೋತುಬಿಡುತ್ತದೆ. ಆಡಳಿತದವರು ಕೂಡಲೇ ಹೆಚ್ಚು ಬಾಡಿಗೆಯ ಸಂಪರ್ಕ ತರಿಸುತ್ತಾರೆ. ಕೊಡ ದೊಡ್ಡದಾದರೆ ಕಂಠ ಅಗಲವಾಗುವುದುಂಟೇ? ನಡುವೆ ರಿಪೀಟರ್ ಇಟ್ಟರೂ, ಅದು ಒಂದೇ ರೇಡಿಯೋದಿಂದ ಕೇಳಿ ಅದರಿಂದಲೇ ಹೇಳುವಂಥದಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಎರಡು ಮಾಳಿಗೆಗಳ ಮೇಲೆ ಪರಸ್ಪರ ಮುಖಮಾಡಿದ 5 ಗಿಗಾಹರ್ಟ್ಸಿನ ಆಂಟೆನಾಗಳನ್ನು ಕೂರಿಸಬೇಕು. ಈ ಪಟ್ಟಿಯ ಬಹುಭಾಗಕ್ಕೆ 2018ರಿಂದ ಲೈಸೆನ್ಸು ಬೇಕಿಲ್ಲ. ನಡುವೆ ಬೇವಿನ ಮರ ಅಡ್ಡ ಬರಕೂಡದು. ಹಸಿ ಎಲೆ ಅಲೆಗಳನ್ನು ಹೀರುತ್ತದೆ. (ಮರ ಕಡಿಯಿರೆಂದಲ್ಲ, ಕಂಬ ಎತ್ತರಿಸಿರಿ.) ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸಿನಿಂದ 40ಕ್ಕೇರಿಸಿದರೆ ವೇಗ ಸುಮಾರು ಇಮ್ಮಡಿಯಾದೀತು. ಆದರೆ ಸೊಲ್ಲಾಪುರದಂಥ ಶಹರದ ಗಿಜಿಬಿಜಿಯಲ್ಲಿ ಅಗಲವಾದಷ್ಟೂ ನೆರೆಮನೆಯವರ ಗದ್ದಲ ಒಳನುಗ್ಗುತ್ತದೆ. ತರಗತಿಯ ವೈಫೈಗೆ ಬೇರೆಯೇ ಚಾನೆಲು ಇರಲಿ. ಕಟ್ಟಡಗಳೆರಡೂ ಒಂದೇ ಅಂಗಳದಲ್ಲಿದ್ದರೆ ಫೈಬರ್ ತಂತಿ ಹೂಳುವುದೇ ಲೇಸೆಂದು ನನ್ನ ಮತ.

ಬಿಲ್ಲು ಪಾವತಿಸುವ ಮೊದಲು ಆಡಳಿತ ಮಂಡಳಿಗಳು ವೇಗವನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಲ್ಲ, ಕಡೆಯ ಕಟ್ಟಡದ ಕಡೆಯ ಬೆಂಚಿನಲ್ಲಿ ಅಳೆಯಲಿ. ಮಂಜೇಶ್ವರ, ಕುಂಬಳೆಗಳ ರಕ್ಷಕ ಶಿಕ್ಷಕ ಸಂಘದವರೂ ಇದನ್ನು ಕೇಳಿಯೇ ಬಿಡಬೇಕು.